ಸಿಬಿನ್ಯಾಟ್ ಒಂದು ಹೇಳುತ್ತದೆ, ಎಲ್‌ಪಿಎ ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬೋದು?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನಿಗೆ ಟಿಬಿ ಅಂತ ಗೊತ್ತಾಗಿ ಮಾತ್ರೆ ಶುರುವಾಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಟ್ಟ ದಿನವೇ ಸಿಬಿನ್ಯಾಟ್ ರಿಪೋರ್ಟ್ ಬಂತು. "ಎಂಟಿಬಿ ಡಿಟೆಕ್ಟೆಡ್ ಮೀಡಿಯಂ, ರಿಫ್ ರೆಸಿಸ್ಟೆನ್ಸ್ ನಾಟ್ ಡಿಟೆಕ್ಟೆಡ್" ಅಂತ ಬರೆದಿತ್ತು. ರೆಸಿಸ್ಟೆನ್ಸ್ ಇಲ್ಲ, ಅಂದರೆ ಔಷಧಿಗೆ ಬಗ್ಗದ ತಳಿ ಅಲ್ಲ, ಆರು ತಿಂಗಳು ಮಾತ್ರೆ ನುಂಗಿದರೆ ಆಯಿತು ಅಂತ ಮನೆಯವರೆಲ್ಲ ನಿರಾಳವಾದೆವು.

ಈಗ ಟಿಬಿ ಆಫೀಸಿನಿಂದ ಫೋನ್. ಎಲ್‌ಪಿಎ ರಿಪೋರ್ಟ್ ಬಂದಿದೆ, ಅದರಲ್ಲಿ "ಐಎನ್‌ಎಚ್ ರೆಸಿಸ್ಟೆಂಟ್" ಅಂತಿದೆ, ಮಾತ್ರೆ ಬದಲಾಯಿಸಬೇಕು, ಇಸಿಜಿ ತೆಗೆಸಬೇಕು, ಕರೆದುಕೊಂಡು ಬನ್ನಿ ಅನ್ನುತ್ತಿದ್ದಾರೆ. ಎರಡೂ ಡಿಎನ್‌ಎ ಟೆಸ್ಟೇ ಅಂತೆ. ಒಬ್ಬನೇ ಮನುಷ್ಯ, ಅದೇ ವಾರದ ಕಫ. ಒಂದರಲ್ಲಿ ರೆಸಿಸ್ಟೆನ್ಸ್ ಇಲ್ಲ, ಇನ್ನೊಂದರಲ್ಲಿ ಇದೆ. ದೊಡ್ಡಪ್ಪ "ಇವರಿಗೇ ಗೊತ್ತಿಲ್ಲ, ನಾನು ಮಾತ್ರೆನೇ ಬಿಡ್ತೀನಿ" ಅಂತ ಹಟ ಹಿಡಿದು ಕೂತಿದ್ದಾರೆ. ಲ್ಯಾಬ್ ಕೆಲಸ ಗೊತ್ತಿರೋರು ಯಾರಾದರೂ ಬಿಡಿಸಿ ಹೇಳಿ ಪ್ಲೀಸ್.

ಹಳೇಮೈಸೂರು:
ಮೂರನೇ ಕಡೆ ಕೊಟ್ಟು ನೋಡಿ. ಮೂರನೇ ಉತ್ತರ ಬರುತ್ತದೆ.

ಕಫಡಬ್ಬಿ:
ಮೊದಲು ಒಂದು ಮಾತು. ದೊಡ್ಡಪ್ಪ ಮಾತ್ರೆ ಬಿಡೋದು ಬೇಡ. ಹೊಸ ಮಾತ್ರೆ ಕೈಗೆ ಬರುವ ತನಕ ಹಳೆಯದು ನಡೆಯಲಿ.

ಎರಡು ರಿಪೋರ್ಟೂ ಸರಿ. ಒಂದು ಇನ್ನೊಂದನ್ನು ಸುಳ್ಳು ಮಾಡುತ್ತಿಲ್ಲ. ನೀವು ಕೊಟ್ಟ ಸಾಲನ್ನೇ ಇನ್ನೊಮ್ಮೆ ಓದಿ: "ರಿಫ್ ರೆಸಿಸ್ಟೆನ್ಸ್ ನಾಟ್ ಡಿಟೆಕ್ಟೆಡ್". ರಿಫ್ ಅಂದರೆ ರಿಫಾಂಪಿಸಿನ್, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತಲ್ಲ ಆ ಔಷಧಿ. ಸಿಬಿನ್ಯಾಟ್ ಕೇಳುವುದು ಎರಡೇ ಪ್ರಶ್ನೆ. ಟಿಬಿ ಗುಂಪಿನ ಬ್ಯಾಕ್ಟೀರಿಯಾ (ರಿಪೋರ್ಟಿನ "ಎಂಟಿಬಿ") ಇದೆಯಾ? ಇದ್ದರೆ ರಿಫಾಂಪಿಸಿನ್‌ಗೆ ಬಗ್ಗುತ್ತದಾ? ಅಷ್ಟೇ. ಐಎನ್‌ಎಚ್ ಅಂದರೆ ಐಸೋನಿಯಾಜಿಡ್, ಅದು ಬೇರೆ ಔಷಧಿ. ಅದರ ಬಗ್ಗೆ ಸಿಬಿನ್ಯಾಟ್ ಬಾಯೇ ಬಿಡುವುದಿಲ್ಲ.

ಕೆಲಸ ಹೀಗೆ ನಡೆಯುತ್ತದೆ. ಕಫಕ್ಕೆ ಅದರ ಎರಡರಷ್ಟು ರಿಯೇಜೆಂಟ್ ಹಾಕಿ ಜೋರಾಗಿ ಕುಲುಕುತ್ತೇವೆ, 15 ನಿಮಿಷ ಬಿಡುತ್ತೇವೆ, ನಡುವೆ ಮತ್ತೊಮ್ಮೆ ಕುಲುಕುತ್ತೇವೆ. ಲೋಳೆ ಹೋಗಿ ನೀರಾಗುತ್ತದೆ. ಅದರಲ್ಲಿ 2 ಎಂಎಲ್ ಕಾರ್ಟ್ರಿಜ್‌ಗೆ ಬಿಟ್ಟು ಮೆಷಿನ್ ಬಾಗಿಲು ಹಾಕಿದರೆ ಮುಗಿಯಿತು. ಒಳಗೆ ಬ್ಯಾಕ್ಟೀರಿಯಾ ಒಡೆಯುವುದು, ಡಿಎನ್‌ಎ ಹೆಚ್ಚಿಸುವುದು, ಓದುವುದು ಎಲ್ಲ ಅದರದ್ದೇ. ಎರಡು ಗಂಟೆಯೊಳಗೆ ಉತ್ತರ. ಅದು ನೋಡುವುದು ಆರ್‌ಪಿಓಬಿ ಎಂಬ ಜೀನ್‌ನ 81 ಡಿಎನ್‌ಎ ಅಕ್ಷರದ ಒಂದು ತುಂಡನ್ನು. ಆ ತುಂಡಿನ ಮೇಲೆ ಐದು ಪ್ರೋಬ್, ಅಂದರೆ ಅದಕ್ಕೆ ಸರಿಹೊಂದುವ ಸಣ್ಣ ಡಿಎನ್‌ಎ ಚೂರುಗಳು, ಕೂರಬೇಕು. ಯಾವುದಾದರೂ ಕೂರದಿದ್ದರೆ ಅಲ್ಲಿ ಅಕ್ಷರ ಬದಲಾಗಿದೆ, ಅಂದರೆ ರೆಸಿಸ್ಟೆನ್ಸ್.

ಎಲ್‌ಪಿಎ ಅಂದರೆ ಲೈನ್ ಪ್ರೋಬ್ ಅಸ್ಸೇ. ಡಿಎನ್‌ಎಯನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ, ಸಣ್ಣ ಬಿಳಿ ಪಟ್ಟಿಯ ಮೇಲೆ ಓಡಿಸುತ್ತೇವೆ. ಪಟ್ಟಿಯ ಮೇಲೆ ನೇರಳೆ ಗೆರೆಗಳು ಏಳುತ್ತವೆ. ಆ ಪಟ್ಟಿಯನ್ನು ಹಾಳೆಗೆ ಅಂಟಿಸಿ, ಅಚ್ಚಿನ ಪಕ್ಕ ಇಟ್ಟು, ಒಂದೊಂದೇ ಗೆರೆ ಓದಬೇಕು. ರಿಫಾಂಪಿಸಿನ್‌ಗೆ ಆರ್‌ಪಿಓಬಿ, ಐಸೋನಿಯಾಜಿಡ್‌ಗೆ ಕ್ಯಾಟ್‌ಜಿ ಮತ್ತು ಐಎನ್‌ಎಚ್‌ಎ ಎಂಬ ಎರಡು ಜೀನ್. ಮಾಮೂಲಿ ತಳಿಯ ಗೆರೆ ಕಾಣೆಯಾಗಿ, ಬದಲಾದ ತಳಿಯ ಗೆರೆ ಎದ್ದಿದ್ದರೆ ರೆಸಿಸ್ಟೆಂಟ್ ಅಂತ ಬರೆಯುತ್ತೇವೆ. ನಿಮ್ಮ ದೊಡ್ಡಪ್ಪನ ಪಟ್ಟಿಯಲ್ಲಿ ಆಗಿರುವುದೂ ಇದೇ ಇರಬೇಕು. ಆರ್‌ಪಿಓಬಿ ಗೆರೆಗಳು ಸರಿಯಾಗಿವೆ, ಉಳಿದೆರಡರಲ್ಲಿ ಒಂದು ಕೆಟ್ಟಿದೆ.

ಬೆಣ್ಣೆದೋಸೆ:
ಕಫಡಬ್ಬಿ ಅವರೇ, ತುಂಬಾ ಥ್ಯಾಂಕ್ಸ್. ಈಗ ಸ್ವಲ್ಪ ತಲೆಗೆ ಹೋಯಿತು. ಆದರೆ ಐಎನ್‌ಎಚ್ ಕೂಡ ಮುಖ್ಯ ಔಷಧಿ ಅಂದಮೇಲೆ ಅದನ್ನೂ ಮೊದಲ ದಿನವೇ ನೋಡಬಹುದಿತ್ತಲ್ವಾ? ಇಷ್ಟು ವಾರ ಆ ಮಾತ್ರೆ ಸುಮ್ನೆ ನುಂಗಿದ ಹಾಗಾಯಿತು.

ನೈಟ್‌ಡ್ಯೂಟಿ:
ಪೂರ್ತಿ ಸುಮ್ನೆ ಅಲ್ಲ. ಆ ಕೆಂಪು ಮಾತ್ರೆಯಲ್ಲಿ ನಾಲ್ಕು ಔಷಧಿ ಸೇರಿರುತ್ತದೆ. ಉಳಿದ ಮೂರು ಕೆಲಸ ಮಾಡಿಯೇ ಇರುತ್ತವೆ.

ಮೊದಲು ರಿಫ್ ನೋಡುವುದಕ್ಕೆ ಕಾರಣ ಇದೆ. ಟಿಬಿ ಚಿಕಿತ್ಸೆ ನಿಂತಿರುವುದೇ ರಿಫಾಂಪಿಸಿನ್ ಮೇಲೆ. ರಿಫ್‌ಗೆ ಬಗ್ಗದ ತಳಿ ಬಹುತೇಕ ಐಎನ್‌ಎಚ್‌ಗೂ ಬಗ್ಗಿರುವುದಿಲ್ಲ. ಹಾಗಾಗಿ ರಿಫ್ ಒಂದನ್ನು ನೋಡಿದರೆ ಎಂಡಿಆರ್, ಅಂದರೆ ಈ ಎರಡಕ್ಕೂ ಬಗ್ಗದ ಕೇಸುಗಳು ಬೇಗ ಸಿಕ್ಕಿಬೀಳುತ್ತವೆ. ಆದರೆ ಇದು ತಿರುಗಾ ಮುರುಗಾ ನಿಜವಲ್ಲ. ರಿಫ್‌ಗೆ ಬಗ್ಗುವ ತಳಿ ಐಎನ್‌ಎಚ್‌ಗೆ ಬಗ್ಗದೆ ಇರಬಹುದು, ಅಂಥವು ನಮ್ಮ ದೇಶದಲ್ಲಿ ಅಪರೂಪವೇನೂ ಅಲ್ಲ. ಅದಕ್ಕೇ ಎರಡು ಡಬ್ಬಿ ಕಫ ತಗೊಳ್ಳುವುದು. ಒಂದು ಸಿಬಿನ್ಯಾಟ್‌ಗೆ, ಇನ್ನೊಂದು ಐಸ್ ಬಾಕ್ಸಿನಲ್ಲಿ ಎಲ್‌ಪಿಎ ಇರುವ ದೊಡ್ಡ ಲ್ಯಾಬಿಗೆ.

ಐಎನ್‌ಎಚ್ ಮಾತ್ರ ಕೈಕೊಟ್ಟಿದ್ದರೆ ಸಾಮಾನ್ಯವಾಗಿ ಅದನ್ನು ತೆಗೆದು ಲೀವೋಫ್ಲಾಕ್ಸಸಿನ್ ಸೇರಿಸುತ್ತಾರೆ. ಆ ಔಷಧಿ ಹೃದಯದ ಲಯವನ್ನು ಸ್ವಲ್ಪ ಬದಲಾಯಿಸಬಹುದು, ಇಸಿಜಿ ಕೇಳಿರುವುದು ಅದಕ್ಕೆ. ಹೋದಾಗ ಡಾಕ್ಟರ ಹತ್ತಿರ ಎರಡು ವಿಷಯ ಕೇಳಿ. ಬದಲಾವಣೆ ಇರುವುದು ಕ್ಯಾಟ್‌ಜಿಯಲ್ಲೋ ಐಎನ್‌ಎಚ್‌ಎಯಲ್ಲೋ? ಕ್ಯಾಟ್‌ಜಿ ಆದರೆ ಸಾಮಾನ್ಯವಾಗಿ ಜೋರು ರೆಸಿಸ್ಟೆನ್ಸ್. ಐಎನ್‌ಎಚ್‌ಎ ಆದರೆ ಮೆತ್ತನೆಯದು, ಆದರೆ ಇಥಿಯೊನಮೈಡ್ ಎಂಬ ಇನ್ನೊಂದು ಔಷಧಿಯೂ ಅದರ ಜೊತೆ ಹೋಗುತ್ತದೆ. ಎರಡನೇ ಪ್ರಶ್ನೆ, ಲೀವೋಫ್ಲಾಕ್ಸಸಿನ್‌ಗೆ ಬಗ್ಗುತ್ತದಾ ಅಂತ ಸೆಕೆಂಡ್ ಲೈನ್ ಎಲ್‌ಪಿಎ ಮಾಡಿದ್ದಾರಾ?

ಹಳೇಮೈಸೂರು:
ನಮ್ಮ ತಂದೆಗೆ ಟಿಬಿ ಆದಾಗ ಸ್ಲೈಡ್ ಮೇಲೆ ಕಫ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳಿದರು. ಮಾತ್ರೆ ನುಂಗಿದರು, ಗುಣವಾದರು. ಈ ಜೀನು, ಪ್ರೋಬು ಎಲ್ಲ ಮೆಷಿನ್ ಕಂಪನಿಗಳ ದಂಧೆ. ಒಂದು ಕಾರ್ಟ್ರಿಜ್ ಒಂದೇ ಸಲಕ್ಕೆ, ಆಮೇಲೆ ಕಸದ ಬುಟ್ಟಿಗೆ. ಆ ದುಡ್ಡಿನಲ್ಲಿ ಎಷ್ಟು ಮೊಟ್ಟೆ ಕೊಡಿಸಬಹುದಿತ್ತು ಲೆಕ್ಕ ಹಾಕಿ.

ಕಫಡಬ್ಬಿ:
ಸರ್, ಕಾರ್ಟ್ರಿಜ್ ದುಬಾರಿ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸ್ಲೈಡಿನ ವಿಷಯ ಕೇಳಿ. ಮೈಕ್ರೋಸ್ಕೋಪಿನಲ್ಲಿ ಕಾಣಬೇಕಾದರೆ ಒಂದು ಎಂಎಲ್ ಕಫದಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾ ಇರಬೇಕು. ಸಿಬಿನ್ಯಾಟ್‌ಗೆ 130ರ ಆಸುಪಾಸು ಸಾಕು. ಅದರ ಹೊಸ ಅಲ್ಟ್ರಾ ಕಾರ್ಟ್ರಿಜ್‌ಗೆ 16ರಷ್ಟಿದ್ದರೂ ಸಿಗುತ್ತದೆ. ನಿಮ್ಮ ತಂದೆಯವರ ಕಫದಲ್ಲಿ ಬೇಕಾದಷ್ಟಿತ್ತು, ಸಿಕ್ಕಿತು. ಎಚ್‌ಐವಿ ಇರುವವರು, ಮಕ್ಕಳು, ಕಾಯಿಲೆ ಈಗಷ್ಟೇ ಶುರುವಾದವರು, ಇವರೆಲ್ಲ ಸ್ಲೈಡಿನಲ್ಲಿ ನೆಗೆಟಿವ್ ಅಂತ ಮನೆಗೆ ಹೋಗುತ್ತಿದ್ದರು. ಊರಲ್ಲಿ ಕೆಮ್ಮಿಕೊಂಡು ತಿರುಗುತ್ತಿದ್ದರು.

ಇನ್ನೊಂದು. ಸ್ಲೈಡಿನಲ್ಲಿ ಕಾಣುವ ಕೆಂಪು ಕಡ್ಡಿ ಟಿಬಿದೋ, ಅದರ ನೆಂಟರದೋ ಅಂತ ಯಾರಿಗೂ ಹೇಳಲಾಗದು.

ಗಿರ್ಮಿಟ್:
ಆ ಕೊನೇ ಮಾತು ನಮ್ಮ ಮನ್ಯಾಗ ಆಗೇತ್ರೀ. ನಮ್ಮ ಅತ್ತೆಗೆ ಸ್ಲೈಡ್ ಪಾಸಿಟಿವ್ ಬಂತು. ಒಂದು ಖಾಸಗಿ ಆಸ್ಪತ್ರೆಯವರು ಟಿಬಿ ಅಂದರು, ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ನುಂಗಿದರೂ ಕೆಮ್ಮು ಹೋಗಲಿಲ್ಲ, ತೂಕ ಇಳಿಯುವುದು ನಿಲ್ಲಲಿಲ್ಲ. "ನೀವು ಸರಿಯಾಗಿ ಮಾತ್ರೆ ತಗೊಂಡಿಲ್ಲ" ಅಂತ ನಮ್ಮನ್ನೇ ಬೈದರು. ಎಂಡಿಆರ್ ಇರಬಹುದು, ಇನ್ನೂ ಜೋರಿನ ಔಷಧಿ ಶುರು ಮಾಡೋಣ ಅನ್ನುವಷ್ಟರಲ್ಲಿ ಬೇರೆ ಡಾಕ್ಟರೊಬ್ಬರು ಸಿಬಿನ್ಯಾಟ್ ಮಾಡಿಸಿದರು. "ಎಂಟಿಬಿ ನಾಟ್ ಡಿಟೆಕ್ಟೆಡ್"! ಸ್ಲೈಡ್ ಪಾಸಿಟಿವ್, ಸಿಬಿನ್ಯಾಟ್ ನೆಗೆಟಿವ್. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ (ಕಲ್ಚರ್ ಅಂತಾರಲ್ಲ), ಜೀನ್ ಓದಿಸಿದ ಮೇಲೆ ಗೊತ್ತಾಯಿತು, ಅದು ಎನ್‌ಟಿಎಂ. ಟಿಬಿ ಅಲ್ಲವೇ ಅಲ್ಲ. ಔಷಧಿಯೇ ಬೇರೆ.

ಅಷ್ಟು ದಿನ ಅತ್ತೆಯ ತಟ್ಟೆ ಲೋಟ ಬೇರೆ ಇಟ್ಟಿದ್ದರು ಮನೆಯವರು. ಅದು ಅವರಿಗೆ ಇನ್ನೂ ಮರೆತಿಲ್ಲ.

ಚಿಕ್ಕಪೇಟೆ:
ಎನ್‌ಟಿಎಂ ಅಂದರೆ?

ಪೆನ್ಸಿಲ್‌ಬಾಕ್ಸ್:
ನಾನ್ ಟ್ಯೂಬರ್‌ಕ್ಯುಲಸ್ ಮೈಕೋಬ್ಯಾಕ್ಟೀರಿಯಾ. ಟಿಬಿ ಬ್ಯಾಕ್ಟೀರಿಯಾದ ದೊಡ್ಡ ಕುಟುಂಬ, ನೂರಕ್ಕೂ ಜಾಸ್ತಿ ಜಾತಿಗಳಿವೆ. ಮಣ್ಣಲ್ಲಿ, ನಲ್ಲಿ ನೀರಲ್ಲಿ ಇರುತ್ತವೆ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಾಗಾಗಿ ಆ ತಟ್ಟೆ ಲೋಟದ ಶಿಕ್ಷೆ ಪೂರಾ ಅನ್ಯಾಯ. ಟಿಬಿಯೇ ಆಗಿದ್ದರೂ ಅದು ತಟ್ಟೆಯಿಂದ ಬರುವುದಿಲ್ಲ, ಗಾಳಿಯಿಂದ ಬರುತ್ತದೆ.

ಇಲ್ಲಿ ಎರಡು ಕೆಲಸ ಬೆರೆತುಹೋಗುತ್ತಿವೆ, ಬಿಡಿಸುತ್ತೇನೆ. ಮೊದಲನೆಯದು, ಇದು ಯಾವ ಜಾತಿ ಅಂತ ಕಂಡುಹಿಡಿಯುವುದು. ಅದಕ್ಕೆ 16ಎಸ್ ಆರ್‌ಆರ್‌ಎನ್‌ಎ ಜೀನ್ ಓದುತ್ತಾರೆ. ಎಲ್ಲ ಬ್ಯಾಕ್ಟೀರಿಯಾದಲ್ಲೂ ಅದು ಇದ್ದೇ ಇರುತ್ತದೆ, ಆದರೆ ಜಾತಿಯಿಂದ ಜಾತಿಗೆ ಕೆಲವು ಅಕ್ಷರ ಬದಲಾಗುತ್ತವೆ. 1977ರಲ್ಲಿ ಕಾರ್ಲ್ ವೋಸ್ ಇದೇ ಅಣುವನ್ನು ಹಿಡಿದು ಜೀವಿಗಳ ವಂಶವೃಕ್ಷವನ್ನೇ ಮತ್ತೆ ಬರೆದರು. ಮೈಕೋಬ್ಯಾಕ್ಟೀರಿಯಾದಲ್ಲಿ 16ಎಸ್ ಕೆಲವು ಜಾತಿಗಳನ್ನು ಬೇರೆ ಮಾಡಲು ಸಾಲುವುದಿಲ್ಲ, ಆಗ ಎಚ್‌ಎಸ್‌ಪಿ65 ಅಂಥ ಜೀನ್‌ಗಳನ್ನೂ ಓದುತ್ತಾರೆ. ಗಿರ್ಮಿಟ್ ಅವರ ಅತ್ತೆಗೆ ಇಂಥದ್ದೇ ಏನೋ ಮಾಡಿರಬೇಕು.

ಎರಡನೆಯದು, ಒಂದೇ ಜಾತಿಯೊಳಗೆ ಯಾವ ತಳಿ ಅಂತ ಹೇಳುವುದು. ಗಾಡಿಯ ಮೇಲೆ ಕೆಎ-17 ನೋಡಿದರೆ ದಾವಣಗೆರೆ ಗಾಡಿ ಅಂತ ಗೊತ್ತಾಗುತ್ತದೆ, ಯಾರ ಗಾಡಿ ಅಂತ ಗೊತ್ತಾಗಲ್ಲ. ಮುಂದಿನ ನಂಬರೂ ಬೇಕು. ಟಿಬಿಯಲ್ಲಿ ಇದಕ್ಕೆ ಸ್ಪಾಲಿಗೋಟೈಪಿಂಗ್ ಅಂತ ಒಂದಿದೆ, 43 ತುಣುಕುಗಳಲ್ಲಿ ಯಾವುದು ಇದೆ ಯಾವುದು ಇಲ್ಲ ಅಂತ ನೋಡುವುದು. ಮಿರು-ವಿಎನ್‌ಟಿಆರ್ ಅಂತ ಇನ್ನೊಂದು, 24 ಜಾಗಗಳಲ್ಲಿ ಒಂದು ತುಣುಕು ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸುವುದು. ಈಗ ಪೂರ್ತಿ ಜೀನೋಮನ್ನೇ, ಅಂದರೆ ಬ್ಯಾಕ್ಟೀರಿಯಾದ ಇಡೀ ಡಿಎನ್‌ಎಯನ್ನೇ, ಓದುವುದು ಜಾಸ್ತಿಯಾಗಿದೆ. ಟಿಬಿಯದ್ದು ಸುಮಾರು 44 ಲಕ್ಷ ಅಕ್ಷರ, ಮೊದಲ ಸಲ ಪೂರ್ತಿ ಓದಿದ್ದು 1998ರಲ್ಲಿ. ದಕ್ಷಿಣ ಭಾರತದಲ್ಲಿ ಲೀನಿಯೇಜ್ 1 ಎಂಬ ಹಳೇ ವಂಶ ಜಾಸ್ತಿ, ಉತ್ತರದಲ್ಲಿ ಲೀನಿಯೇಜ್ 3.

ಹಳೇಮೈಸೂರು:
ವಂಶವೃಕ್ಷ ತಗೊಂಡು ರೋಗಿ ಏನು ಮಾಡಬೇಕು? ಗೋತ್ರ ಕೇಳಿ ಮಾತ್ರೆ ಕೊಡುತ್ತಾರಾ?

ಪೆನ್ಸಿಲ್‌ಬಾಕ್ಸ್:
ಹ್ಹ, ಗೋತ್ರ! ರೋಗಿಗೆ ನೇರ ಉಪಯೋಗ ಕಮ್ಮಿ, ಒಪ್ಪುತ್ತೇನೆ. ಆದರೆ ಒಂದು ಉದಾಹರಣೆ ಕೊಡುತ್ತೇನೆ. ಒಬ್ಬರಿಗೆ ಟಿಬಿ ಗುಣವಾಗಿ ಮತ್ತೆ ಬಂತು. ಹಳೆಯದೇ ಒಳಗೆ ಅಡಗಿ ಕೂತು ಎದ್ದಿತಾ, ಹೊಸದಾಗಿ ಯಾರಿಂದಲಾದರೂ ಅಂಟಿತಾ? ಎದೆ ಎಕ್ಸ್‌ರೇ ನೋಡಿದರೆ ಗೊತ್ತಾಗಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಟಿಬಿ ವಿಪರೀತ ಇರುವ ಬಡಾವಣೆಯಲ್ಲಿ ಎರಡೂ ಸಲದ ಬ್ಯಾಕ್ಟೀರಿಯಾ ಹೋಲಿಸಿ ನೋಡಿದರು, 1999ರಲ್ಲಿ ಪ್ರಕಟವಾಯಿತು. ಬಹುಪಾಲು ಜನರಲ್ಲಿ ಎರಡನೇ ಸಲದ ತಳಿಯೇ ಬೇರೆ. ಅಲ್ಲಿಯ ತನಕ ಇಂಥವರನ್ನೆಲ್ಲ "ಮಾತ್ರೆ ಸರಿಯಾಗಿ ನುಂಗಿಲ್ಲ" ಅಂತ ಬೈಯುತ್ತಿದ್ದರು. ತಳಿ ಗೊತ್ತಾದ ಮೇಲೆ ತಪ್ಪು ರೋಗಿಯದ್ದಲ್ಲ, ಉಸಿರಾಡುವ ಗಾಳಿಯದ್ದು ಅಂತಾಯಿತು.

ದನದಡಾಕ್ಟ್ರು:
ಇಲ್ಲಿ ನಮ್ಮ ಕ್ಷೇತ್ರದ ಒಂದು ಮಾತು ಸೇರಿಸುತ್ತೇನೆ. ಸಿಬಿನ್ಯಾಟ್ "ಎಂಟಿಬಿ" ಅನ್ನುವುದು ಒಂದೇ ಜಾತಿಯನ್ನಲ್ಲ, ಒಂದು ಗುಂಪನ್ನು. ಅದರಲ್ಲಿ ದನದ ಟಿಬಿ ಬೋವಿಸ್ ಕೂಡ ಸೇರಿದೆ. ಮೆಷಿನ್‌ಗೆ ಎರಡೂ ಒಂದೇ. ಆದರೆ ಬೋವಿಸ್‌ಗೆ ಪೈರಜಿನಮೈಡ್ ಹುಟ್ಟಿನಿಂದಲೇ ನಾಟುವುದಿಲ್ಲ. ನಾಲ್ಕು ಔಷಧಿಯಲ್ಲಿ ಒಂದು ದಂಡ.

ಇದರಲ್ಲೂ ಒಂದು ಸ್ವಾರಸ್ಯ ಇದೆ. ನಮ್ಮ ಕಡೆ ದನದಿಂದ ಬರುವುದೆಲ್ಲ ಬೋವಿಸ್ ಅಂತ ಪುಸ್ತಕದಲ್ಲಿ ಓದಿದ್ದೆವು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಸಂಗ್ರಹವಾಗಿದ್ದ ರೋಗಿಗಳ ಮಾದರಿಗಳನ್ನು ಜೀನ್ ಮಟ್ಟದಲ್ಲಿ ನೋಡಿದಾಗ ಒರಿಜಿಸ್ ಎಂಬ ಇನ್ನೊಂದು ತಳಿ ಸಿಕ್ಕಿತು. 2020ರಲ್ಲಿ ಅದು ಪ್ರಕಟವಾಯಿತು. ಹುಡುಕಲು ಹೋಗಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಚಿಕ್ಕಪೇಟೆ:
ಹಾಗಾದರೆ ಹಸಿ ಹಾಲು ಕುಡಿಯಬಾರದಾ? ನಮ್ಮಜ್ಜ ಕರೆದ ಹಾಲು ಬೆಚ್ಚಗಿರುವಾಗಲೇ ಕುಡಿದು ತೊಂಬತ್ತು ದಾಟಿದರು.

ದನದಡಾಕ್ಟ್ರು:
ಅಜ್ಜನಿಗೆ ನಮಸ್ಕಾರ. ನೀವು ಕಾಯಿಸಿಯೇ ಕುಡಿಯಿರಿ. ಟಿಬಿ ಒಂದೇ ಅಲ್ಲ, ಬ್ರೂಸೆಲ್ಲಾ ಅಂತ ಇನ್ನೊಂದಿದೆ, ತಿಂಗಳುಗಟ್ಟಲೆ ಜ್ವರ ಬಂದು ಹೋಗಿ ಮಾಡಿಸುತ್ತದೆ.

ಗಿರ್ಮಿಟ್:
ನಾಟಿ ಹಸುವಿಗೆ ಇವೆಲ್ಲ ಬರಲ್ಲ ಅಂತಾರಲ್ರೀ?

ದನದಡಾಕ್ಟ್ರು:
ಬರುತ್ತದೆ. ಆ ವಿಷಯಕ್ಕೆ ಬೇರೆ ಚರ್ಚೆ ತೆಗೆಯಿರಿ, ಅಲ್ಲಿ ಜಗಳ ಆಡೋಣ.

ಬೈಂದೂರುಮೀನು:
ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಇಲಿ ಜ್ವರದ ಭಯ. ಗದ್ದೆ ಕೆಲಸದವರಿಗೆ ಜಾಸ್ತಿ. ಅದಕ್ಕೂ ಪಿಸಿಆರ್ ಮಾಡುತ್ತಾರಾ? ಮಂಗನ ಕಾಯಿಲೆ ಬ್ಯಾಕ್ಟೀರಿಯಾಕ್ಕೂ ಇದೇ ಮೆಷಿನ್ ನಡೆಯುತ್ತದಾ?

ನೈಟ್‌ಡ್ಯೂಟಿ:
ಮಂಗನ ಕಾಯಿಲೆ ಬ್ಯಾಕ್ಟೀರಿಯಾ ಅಲ್ಲ, ವೈರಸ್. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ್ದು, ಉಣ್ಣಿಯಿಂದ ಬರುವಂಥದ್ದು.

ಇಲಿ ಜ್ವರ ಬ್ಯಾಕ್ಟೀರಿಯಾವೇ, ಲೆಪ್ಟೋಸ್ಪೈರಾ. ಕಲ್ಚರ್ ಬೆಳೆಯಲು ವಾರಗಳು ಬೇಕು, ಅಷ್ಟರಲ್ಲಿ ರೋಗಿ ಗುಣವಾಗಿರುತ್ತಾನೆ ಇಲ್ಲವೇ ಕೈಮೀರಿರುತ್ತದೆ. ಹಾಗಾಗಿ ಪಿಸಿಆರ್ ಒಳ್ಳೆಯದು, ಆದರೆ ಜ್ವರದ ಮೊದಲ ವಾರದಲ್ಲಿ ರಕ್ತ ತೆಗೆದರೆ ಮಾತ್ರ. ಆಮೇಲೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇಲ್ಲವಾಗುತ್ತದೆ, ಆಗ ಆಂಟಿಬಾಡಿ ಟೆಸ್ಟ್ ನೋಡಬೇಕು. ನಮ್ಮ ವಾರ್ಡಿನಲ್ಲಿ ಹತ್ತನೇ ದಿನಕ್ಕೆ ಬಂದವರಿಗೂ ಪಿಸಿಆರ್ ಬರೆದು, ನೆಗೆಟಿವ್ ಬಂತು ಅಂತ ಇಲಿ ಜ್ವರ ಅಲ್ಲ ಅಂದುಬಿಡುವವರನ್ನು ನೋಡಿದ್ದೇನೆ. ಕೋಪ ಬರುತ್ತದೆ. ಯಾವ ಟೆಸ್ಟ್ ಅನ್ನುವುದಕ್ಕಿಂತ ಯಾವ ದಿನ ಅನ್ನುವುದು ಮುಖ್ಯ.

ಚಿಕ್ಕಪೇಟೆ:
ಟೈಫಾಯ್ಡ್‌ಗೆ ಮಾತ್ರ ವಿಡಾಲ್ ಇದೆಯಲ್ಲ, ನಮ್ಮ ಗಲ್ಲಿ ಲ್ಯಾಬಿನಲ್ಲೇ ಮಾಡುತ್ತಾರೆ, ಅಗ್ಗ, ಸಂಜೆಗೆ ರಿಪೋರ್ಟ್.

ನೈಟ್‌ಡ್ಯೂಟಿ:
ಅಯ್ಯೋ, ವಿಡಾಲ್ ಹೆಸರು ಎತ್ತಬೇಡಿ. 1896ರ ಟೆಸ್ಟ್ ಅದು. ಬ್ಯಾಕ್ಟೀರಿಯಾವನ್ನು ನೋಡುವುದೇ ಇಲ್ಲ, ಆಂಟಿಬಾಡಿ ನೋಡುತ್ತದೆ. ನಮ್ಮಂಥ ಊರುಗಳಲ್ಲಿ ಹಳೇ ಆಂಟಿಬಾಡಿ ಎಷ್ಟೋ ಜನರಲ್ಲಿ ಇದ್ದೇ ಇರುತ್ತದೆ. ಯಾವ ಜ್ವರಕ್ಕೆ ಮಾಡಿದರೂ "1:160 ಪಾಸಿಟಿವ್", ತಗೋ ಟೈಫಾಯ್ಡ್ ಇಂಜೆಕ್ಷನ್.

ಹಳೇಮೈಸೂರು:
ಹಾಗಿದ್ದರೆ ಟೈಫಾಯ್ಡ್‌ಗೂ ಪಿಸಿಆರ್ ಮಾಡಿ ಅನ್ನಿ. ಮುಗಿಯಿತಲ್ಲ ನಿಮ್ಮ ವಾದ.

ನೈಟ್‌ಡ್ಯೂಟಿ:
ಇಲ್ಲ ಸರ್, ಅನ್ನುವುದಿಲ್ಲ. ಟೈಫಾಯ್ಡ್ ರೋಗಿಯ ಒಂದು ಎಂಎಲ್ ರಕ್ತದಲ್ಲಿ ಬ್ಯಾಕ್ಟೀರಿಯಾ ಇರುವುದೇ ಸುಮಾರು ಒಂದು. ಪಿಸಿಆರ್‌ಗೆ ಹಾಕುವ ಹನಿಯಲ್ಲಿ ಅದು ಸಿಕ್ಕರೆ ಅದೃಷ್ಟ. ಅಲ್ಲಿ ಬ್ಲಡ್ ಕಲ್ಚರ್ರೇ ವಾಸಿ, ಅದೂ ಆಂಟಿಬಯಾಟಿಕ್ ಶುರು ಮಾಡುವ ಮೊದಲು. ಕಲ್ಚರ್‌ನಲ್ಲಿ ಬೆಳೆದ ಮೇಲೆ ತಳಿ ನೋಡಲು ಜೀನ್ ಓದಲಿ, ಅದು ಸರಿ.

ಪೆನ್ಸಿಲ್‌ಬಾಕ್ಸ್:
ಹೌದು, ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್‌ಗೂ ಬಗ್ಗದ ಎಕ್ಸ್‌ಡಿಆರ್ (ಬಹಳಷ್ಟು ಔಷಧಿಗೆ ಬಗ್ಗದ) ಟೈಫಾಯ್ಡ್ 2016ರಲ್ಲಿ ಹೈದರಾಬಾದಿನಲ್ಲಿ ಎದ್ದಾಗ ಜೀನೋಮ್ ಓದಿದ್ದರಿಂದಲೇ ಒಳಗುಟ್ಟು ಹೊರಬಿತ್ತು. ಎಚ್58 ಎಂಬ ಹಳೇ ತಳಿ, ಬೇರೆ ಬ್ಯಾಕ್ಟೀರಿಯಾದಿಂದ ಒಂದು ಪ್ಲಾಸ್ಮಿಡ್, ಅಂದರೆ ರೆಸಿಸ್ಟೆನ್ಸ್ ಹೊತ್ತ ಸಣ್ಣ ಡಿಎನ್‌ಎ ಬಳೆ, ಪಡೆದುಕೊಂಡಿತ್ತು.

ಗಿರ್ಮಿಟ್:
ಅಯ್ಯಯ್ಯೋ, ನಮ್ಮ ತಂಗಿ ಹೈದರಾಬಾದಿನಾಗ ಅದಾಳ!

ಪೆನ್ಸಿಲ್‌ಬಾಕ್ಸ್:
ಪಾಕಿಸ್ತಾನದ ಸಿಂಧ್‌ನಲ್ಲೂ ಒಂದು ಹೈದರಾಬಾದ್ ಇದೆ. ನಾನು ಹೇಳಿದ್ದು ಅದು.

ಎಲ್ಬೆದಡ:
ತಳಿ ತಿಳಿದು ಏನುಪಯೋಗ ಅಂತ ಮೇಲೆ ಕೇಳಿದವರಿಗೆ ಹ್ಯಾಂಬರ್ಗಿನ ಕಥೆ ಹೇಳುತ್ತೇನೆ. 2011ರ ಮೇ ತಿಂಗಳು, ನಾನಾಗ ಇಲ್ಲಿಗೆ ಹೊಸದಾಗಿ ಬಂದಿದ್ದೆ. ಉತ್ತರ ಜರ್ಮನಿಯಲ್ಲಿ ರಕ್ತಭೇದಿ, ಕಿಡ್ನಿ ಕೆಲಸ ನಿಲ್ಲುವುದು, ಅದೂ ದೊಡ್ಡವರಲ್ಲಿ, ಹೆಂಗಸರಲ್ಲಿ ಜಾಸ್ತಿ. ಟೊಮ್ಯಾಟೊ, ಸೌತೆಕಾಯಿ, ಲೆಟಿಸ್ ಹಸಿಯಾಗಿ ತಿನ್ನಬೇಡಿ ಅಂತ ಸರ್ಕಾರವೇ ಹೇಳಿತು. ಅಂಗಡಿಯಲ್ಲಿ ಸೌತೆಕಾಯಿ ರಾಶಿ ಬಿದ್ದಿದ್ದರೂ ಮುಟ್ಟುವವರಿಲ್ಲ. ಕೋಸಂಬರಿ ಮಾಡೋಣವೆಂದು ನಾನೊಬ್ಬ ಕೈ ಹಾಕಿದರೆ ಪಕ್ಕದ ಅಜ್ಜಿ ಹೌಹಾರಿದರು.

ಹ್ಯಾಂಬರ್ಗಿನ ಅಧಿಕಾರಿಗಳು ಸ್ಪೇನಿನ ಸೌತೆಕಾಯಿ ಕಡೆ ಬೆರಳು ಮಾಡಿದರು. ಅದರಲ್ಲಿ "ಈ ಕೋಲಿ" ಎಂಬ ಕರುಳಿನ ಬ್ಯಾಕ್ಟೀರಿಯಾದ ಕೆಟ್ಟ ತಳಿ ಸಿಕ್ಕಿದ್ದೂ ನಿಜ. ಸ್ಪೇನಿನ ರೈತರ ಬಾಳು ಬೀದಿಗೆ ಬಂತು. ಕೆಲವೇ ದಿನಕ್ಕೆ ತಳಿ ಪರೀಕ್ಷೆಯ ಫಲಿತಾಂಶ ಬಂತು. ಸೌತೆಕಾಯಿಯಲ್ಲಿದ್ದ ಈ ಕೋಲಿ ಬೇರೆ, ರೋಗಿಗಳಲ್ಲಿದ್ದ ಓ104:ಎಚ್4 ಎಂಬ ತಳಿ ಬೇರೆ! ಎರಡೂ ಈ ಕೋಲಿ, ಎರಡೂ ವಿಷ ಮಾಡುವಂಥವು. ಜಾತಿ ನೋಡಿ ಅಲ್ಲಿಗೇ ನಿಲ್ಲಿಸಿದ್ದರೆ ಸೌತೆಕಾಯಿಯೇ ಅಪರಾಧಿ ಆಗಿ ಉಳಿಯುತ್ತಿತ್ತು.

ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಮೆಂತ್ಯ. ಈಜಿಪ್ಟಿನಿಂದ ಬಂದ ಮೆಂತ್ಯ ಕಾಳಿನ ಮೊಳಕೆ. ಫ್ರಾನ್ಸಿನ ಬೋರ್ಡೋ ಹತ್ತಿರವೂ ಅದೇ ತಳಿಯಿಂದ ಜನ ಕಾಯಿಲೆ ಬಿದ್ದರು, ಅಲ್ಲೂ ಮೊಳಕೆ ತಿಂದಿದ್ದರು. ಎರಡೂ ಕಡೆಯ ಬೀಜದ ಜಾಡು ಹಿಡಿದು ಹೋದರೆ ಒಂದೇ ಕಡೆ ಸೇರಿತು. ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಜಾಸ್ತಿ ಜನ ಸತ್ತರು.

ಚಿಕ್ಕಪೇಟೆ:
ಮೆಂತ್ಯದ ಮೇಲೂ ಅಪವಾದ ಬಂತಾ! ನಮ್ಮನೆಯವರು ಶುಗರ್‌ಗೆ ಅಂತ ದಿನಾ ಬೆಳಿಗ್ಗೆ ಮೊಳಕೆ ಮೆಂತ್ಯ ತಿನ್ನುತ್ತಾರೆ. ಈ ಚರ್ಚೆ ಅವರಿಗೆ ತೋರಿಸಲ್ಲ.

ಎಲ್ಬೆದಡ:
ತೋರಿಸಿ. ಒಗ್ಗರಣೆಯಲ್ಲಿ ಬಾಡಿಸಿ ತಿನ್ನಲಿ. ಮೊಳಕೆ ಬರಿಸುವ ಬೆಚ್ಚಗಿನ ಒದ್ದೆ ಬಟ್ಟೆ ಬ್ಯಾಕ್ಟೀರಿಯಾಕ್ಕೂ ಇಷ್ಟ.

ಬೆಣ್ಣೆದೋಸೆ:
ಚರ್ಚೆ ಮೆಂತ್ಯಕ್ಕೆ ಹೋಯಿತು, ಪರವಾಗಿಲ್ಲ, ನಾನೂ ಓದುತ್ತಿದ್ದೇನೆ. ಹೊಸ ಮಾತ್ರೆ ಶುರುವಾಗಿದೆ. ಬದಲಾವಣೆ ಕ್ಯಾಟ್‌ಜಿಯಲ್ಲಿ ಅಂದರು. ಸೆಕೆಂಡ್ ಲೈನ್ ಎಲ್‌ಪಿಎಯಲ್ಲಿ ಲೀವೋಫ್ಲಾಕ್ಸಸಿನ್‌ಗೆ ತೊಂದರೆ ಇಲ್ಲವಂತೆ. ನಮ್ಮ ಅಣ್ಣ ಬೆಂಗಳೂರಿನಿಂದ ಹೇಳುತ್ತಿದ್ದಾನೆ, ಎರಡು ತಿಂಗಳಾದ ಮೇಲೆ ಖಾಸಗಿ ಲ್ಯಾಬಿನಲ್ಲಿ ದುಡ್ಡು ಕೊಟ್ಟು ಇನ್ನೊಮ್ಮೆ ಸಿಬಿನ್ಯಾಟ್ ಮಾಡಿಸೋಣ, ನೆಗೆಟಿವ್ ಬಂದರೆ ಗುಣವಾಯಿತು ಅಂತ. ಮಾಡಿಸಲಾ?

ಕಫಡಬ್ಬಿ:
ಬೇಡ. ದುಡ್ಡೂ ದಂಡ, ನೆಮ್ಮದಿಯೂ ದಂಡ. ಸಿಬಿನ್ಯಾಟ್ ನೋಡುವುದು ಡಿಎನ್‌ಎ. ಬ್ಯಾಕ್ಟೀರಿಯಾ ಸತ್ತ ಮೇಲೂ ಡಿಎನ್‌ಎ ಕಫದಲ್ಲಿ ಬರುತ್ತಲೇ ಇರುತ್ತದೆ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ "ಡಿಟೆಕ್ಟೆಡ್" ಅಂತ ಬರಬಹುದು. ಅದನ್ನು ನೋಡಿ ನಿಮ್ಮ ದೊಡ್ಡಪ್ಪ ಮತ್ತೆ ಹಟ ಹಿಡಿಯುತ್ತಾರೆ. ಚಿಕಿತ್ಸೆ ಹೇಗೆ ನಡೆದಿದೆ ಅಂತ ನೋಡುವುದಕ್ಕೆ ಇವತ್ತಿಗೂ ಸ್ಲೈಡ್ ಮತ್ತು ಕಲ್ಚರ್. ಕಲ್ಚರ್‌ನಲ್ಲಿ ಬದುಕಿರುವುದು ಮಾತ್ರ ಬೆಳೆಯುತ್ತದೆ. ಟಿಬಿ ಬ್ಯಾಕ್ಟೀರಿಯಾ ಒಂದು ಎರಡಾಗಲು ಹೆಚ್ಚುಕಡಿಮೆ ಇಡೀ ಒಂದು ದಿನ ತಗೊಳ್ಳುತ್ತದೆ, ಅದಕ್ಕೇ ಲಿಕ್ವಿಡ್ ಕಲ್ಚರ್ ನೆಗೆಟಿವ್ ಅನ್ನಲು 42 ದಿನ ಕಾಯುತ್ತಾರೆ.

ಹಳೇಮೈಸೂರು:
ನೋಡಿ, ಸ್ಲೈಡಿಗೇ ಬಂದಿರಿ ಕೊನೆಗೆ.

ಕಫಡಬ್ಬಿ:
ಸ್ಲೈಡನ್ನು ಬಿಟ್ಟಿದ್ದು ಯಾವಾಗ ಸರ್? ದಿನಾ ಕಣ್ಣು ನೋಯುವಷ್ಟು ನೋಡುತ್ತೇನೆ.

ಪೆನ್ಸಿಲ್‌ಬಾಕ್ಸ್:
ಹಳೇಮೈಸೂರು ಅವರ ಪರವಾಗಿ ನಾನೇ ಒಂದು ಅಸ್ತ್ರ ಕೊಡುತ್ತೇನೆ. ಸಿಬಿನ್ಯಾಟ್ ಆ 81 ಅಕ್ಷರದ ಆಚೆ ನೋಡುವುದಿಲ್ಲ ಅಂದೆವಲ್ಲ. ಆಫ್ರಿಕಾದ ಎಸ್ವಾಟಿನಿ, ಆಗ ಸ್ವಾಜಿಲ್ಯಾಂಡ್, ಅಲ್ಲಿ 2009ರ ಸರ್ವೆಯಲ್ಲಿ ಸಂಗ್ರಹಿಸಿದ ಎಂಡಿಆರ್ ತಳಿಗಳಲ್ಲಿ ಸುಮಾರು ಶೇಕಡಾ 30ರಷ್ಟರಲ್ಲಿ ಬದಲಾವಣೆ ಇದ್ದಿದ್ದು ಆ ತುಂಡಿನ ಹೊರಗೆ, 491ನೇ ಜಾಗದಲ್ಲಿ. ಮೆಷಿನ್ ಇವನ್ನೆಲ್ಲ "ರೆಸಿಸ್ಟೆನ್ಸ್ ಇಲ್ಲ" ಅನ್ನುತ್ತದೆ. ರೋಗಿಗೆ ಮಾಮೂಲಿ ಮಾತ್ರೆ. ಗುಣವಾಗದೆ ಹರಡುತ್ತದೆ. ಅಂದರೆ ಪರೀಕ್ಷೆಯ ಕಣ್ಣು ತಪ್ಪಿಸುವ ತಳಿಯೇ ಉಳಿದು ಬೆಳೆಯಿತು. ಪೂರ್ತಿ ಜೀನೋಮ್ ಓದಬೇಕು ಅಂತ ನಾನು ಹಟ ಮಾಡುವುದು ಇದಕ್ಕೇ.

ಕಫಡಬ್ಬಿ:
ಓದಿ, ಬೇಡ ಅಂದವರು ಯಾರು? ತಾಲೂಕು ಆಸ್ಪತ್ರೆಯಲ್ಲಿ ಕರೆಂಟ್ ಹೋದಾಗ ಬಂದು ಓದಿ. ನಮ್ಮ ಕೈಗೆ ಬಂದ ಕಫಕ್ಕೆ ಇವತ್ತು ಸಂಜೆಯೊಳಗೆ ಉತ್ತರ ಬೇಕು. ಎಸಿ ಕೆಟ್ಟರೆ ಸಿಬಿನ್ಯಾಟ್ ಮೆಷಿನ್ನೇ ಮುನಿಸಿಕೊಳ್ಳುತ್ತದೆ.

ಚಿಕ್ಕಪೇಟೆ:
ಅದಕ್ಕೆ ಟ್ರೂನ್ಯಾಟ್ ಇದೆಯಲ್ಲ? ಬೆಂಗಳೂರಿನವರೇ ಮಾಡಿದ್ದು ಅಂತ ಕೇಳಿದ್ದೆ.

ಕಫಡಬ್ಬಿ:
ಹೌದು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿ ಮಾಡಿದ್ದು, ಗೋವಾದ ಮೋಲ್‌ಬಯೋ ತಯಾರಿಸುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಬ್ಯಾಟರಿಯಲ್ಲಿ ನಡೆಯುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕೂರುತ್ತದೆ. ಮೊದಲ ಚಿಪ್‌ನಲ್ಲಿ ಟಿಬಿ ಇದೆಯಾ ನೋಡುತ್ತೇವೆ. ಇದ್ದರೆ ತೆಗೆದಿಟ್ಟ ಅದೇ ಡಿಎನ್‌ಎಯನ್ನು ಎರಡನೇ ಚಿಪ್‌ಗೆ ಬಿಟ್ಟು ರಿಫ್ ನೋಡುತ್ತೇವೆ. ಕೈಕೆಲಸ ಸಿಬಿನ್ಯಾಟ್‌ಗಿಂತ ಜಾಸ್ತಿ, ಪಿಪೆಟ್ ಹಿಡಿಯುವ ಕೈ ಪಳಗಿರಬೇಕು.

ಹಳೇಮೈಸೂರು:
ನಮ್ಮವರು ಮಾಡಿದ್ದು ಅಂತ ಮೊದಲೇ ಹೇಳಬಾರದಿತ್ತಾ? ಹಾಗಾದರೆ ಒಳ್ಳೆಯದೇ ಇರಬೇಕು.

ನೈಟ್‌ಡ್ಯೂಟಿ:
😀

ಅಮ್ಮನಕೈತುತ್ತು:
ತಡವಾಗಿ ಬಂದೆ, ಎಲ್ಲ ಓದಿದೆ. ನನ್ನ ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಅತ್ತೆಗೆ ಟಿಬಿ ಇದೆ, ಮಗುವಿಗೂ ಕೆಮ್ಮು ಬಿಟ್ಟಿಲ್ಲ. ಕಫ ತನ್ನಿ ಅನ್ನುತ್ತಾರೆ. ಅವಳು ಕಫ ಉಗುಳುವುದೇ ಇಲ್ಲ, ನುಂಗಿಬಿಡುತ್ತಾಳೆ. ಏನು ಮಾಡಲಿ?

ನೈಟ್‌ಡ್ಯೂಟಿ:
ಮಕ್ಕಳೆಲ್ಲ ಹಾಗೆಯೇ. ನುಂಗಿದ ಕಫ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದಲೇ ಹಿಡಿಯಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ಸಣ್ಣ ನಳಿಕೆ ಹಾಕಿ ಹೊಟ್ಟೆಯ ನೀರು ತೆಗೆಯುವುದು ಒಂದು ದಾರಿ. ಮಗುವಿಗೆ ಹಿಂಸೆ. ಇನ್ನೊಂದು ದಾರಿ, ಮಗುವಿನ ಮಲದಲ್ಲೇ ಸಿಬಿನ್ಯಾಟ್ ಮಾಡುವುದು. ಮಕ್ಕಳಿಗೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ನಿಮ್ಮ ಜಿಲ್ಲೆಯಲ್ಲಿ ಮಾಡುತ್ತಾರಾ ಕೇಳಿ. ನೆಗೆಟಿವ್ ಬಂತು ಅಂತ ಸುಮ್ಮನಾಗಬೇಡಿ. ಮಕ್ಕಳಲ್ಲಿ ಬ್ಯಾಕ್ಟೀರಿಯಾ ಕಮ್ಮಿ, ತಪ್ಪಿಹೋಗಬಹುದು. ಎಕ್ಸ್‌ರೇ, ತೂಕ, ಮನೆಯಲ್ಲಿ ಟಿಬಿ ಇರುವುದು, ಎಲ್ಲ ಸೇರಿಸಿ ಮಕ್ಕಳ ಡಾಕ್ಟರೇ ನಿರ್ಧಾರ ಮಾಡುತ್ತಾರೆ. ಟಿಬಿ ಇಲ್ಲ ಅಂತಾದರೂ ಬರದಂತೆ ತಡೆಯುವ ಮಾತ್ರೆ ಇದೆ, ಅದನ್ನು ಕೇಳಿ ಪಡೆಯಿರಿ. ನಿಮ್ಮ ಅತ್ತೆಯ ರಿಪೋರ್ಟೂ ತಗೊಂಡು ಹೋಗಿ. ಅವರ ತಳಿ ಯಾವ ಔಷಧಿಗೆ ಬಗ್ಗುವುದಿಲ್ಲವೋ, ಮಗುವಿನದ್ದೂ ಹಾಗೆಯೇ ಅಂತ ಮೊದಲಿಗೆ ಲೆಕ್ಕ ಹಾಕುತ್ತಾರೆ.

ಅಮ್ಮನಕೈತುತ್ತು:
ಮಲದಲ್ಲಿ ಮಾಡಬಹುದು ಅಂತ ಯಾರೂ ಹೇಳಿಯೇ ಇರಲಿಲ್ಲ. ನಾಳೆಯೇ ಹೋಗುತ್ತೇನೆ. ಡಬ್ಬಿ ಅವರೇ ಕೊಡುತ್ತಾರಾ?

ಕಫಡಬ್ಬಿ:
ಕೊಡುತ್ತಾರೆ, ಮನೆಯ ಡಬ್ಬಿ ತರಬೇಡಿ. ಸ್ವಲ್ಪವೇ ಸಾಕು. ಹೆಸರನ್ನು ಡಬ್ಬಿಯ ಮೈಮೇಲೆ ಬರೆಸಿ, ಮುಚ್ಚಳದ ಮೇಲೆ ಬೇಡ. ಲ್ಯಾಬಿನಲ್ಲಿ ಹತ್ತು ಮುಚ್ಚಳ ಒಟ್ಟಿಗೆ ತೆಗೆದಿಟ್ಟಾಗ ಯಾವುದು ಯಾರದ್ದು ಅಂತ ಯಾವ ಪಿಸಿಆರೂ ಹೇಳುವುದಿಲ್ಲ.